ಬಲಗಿವಿಯ ಮೂವತ್ತು ಕುರಿ

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಎದುರಿಗೆ ಮೈಲಮ್ಮನ ಮಿರ್ಚಿ ಅಂಗಡಿ ಇತ್ತು. ‘ಇತ್ತು’ ಎನ್ನಲು ಊರಿನ ನಾಲಿಗೆ ಇನ್ನೂ ಒಪ್ಪುತ್ತಿಲ್ಲ. ಕಳೆದ ಡಿಸೆಂಬರ್‌ವರೆಗೂ ಬೆಳಿಗ್ಗೆ ಆರಕ್ಕೆ ಅಲ್ಲಿ ಬಾಣಲೆಯ ಎಣ್ಣೆ ಕಾಯುತ್ತಿತ್ತು. ಆರೂವರೆಗೆ ಮಂಡಕ್ಕಿ ಒಗ್ಗರಣೆಯ ವಾಸನೆ ರಸ್ತೆ ದಾಟಿ, ಕೊಟ್ಟೂರು ಬಸ್ಸಿಗೆ ಕಾದು ಕುಳಿತವರನ್ನು ಎಬ್ಬಿಸಿಕೊಂಡು ಬರುತ್ತಿತ್ತು. ಎಷ್ಟೋ ಜನ ಆ ವಾಸನೆಗೆ ಬಸ್ಸು ತಪ್ಪಿಸಿಕೊಂಡಿದ್ದಾರೆ. ತಪ್ಪಿಸಿಕೊಂಡವರು ಮೈಲಮ್ಮನ ಮೇಲೆಯೇ ರೇಗಿದರೆ, "ಬಸ್ಸಿಗೆ ಟೈಮ್ ಐತಿ, ಹೊಟ್ಟಿಗೆ ಇಲ್ಲೇನು? ಕುಂದರ್ರಿ, ಇನ್ನೊಂದು ಬರ್ತತಿ" ಎಂದು ತಟ್ಟೆಗೆ ಇನ್ನೆರಡು ಮಿರ್ಚಿ ಹಾಕುತ್ತಿದ್ದಳು. ಆ ಎರಡಕ್ಕೂ ದುಡ್ಡು ತಗೊಳ್ಳುತ್ತಿದ್ದಳು, ಅದು ಬೇರೆ ಮಾತು.

ಅವಳ ಬಾಯಿ ಜೋರು. ದರ ಹೆಚ್ಚಾಯಿತು ಎಂದವರಿಗೆ, ಅಂಗಡಿ ಮುಂದೆ ಗಾಡಿ ನಿಲ್ಲಿಸಿದವರಿಗೆ, ಪುರಸಭೆಯಿಂದ ಬಂದು ಪುಕ್ಕಟೆ ಚಹಾ ಕುಡಿಯಲು ನೋಡಿದವರಿಗೆ, ಎಲ್ಲರಿಗೂ ಒಂದೇ ಮಾತು: "ಇದು ಪುಕ್ಕಟೆ ಬಂದ ಅಂಗಡಿ ಅಲ್ಲಪಾ. ನನ್ನ ಮೂವತ್ತು ಕುರಿ ಹೋಗ್ಯಾವ ಇದಕ್ಕ." ಇಪ್ಪತ್ತಾರು ವರ್ಷ ಇದೇ ಮಾತು ಕೇಳಿ ಕೇಳಿ ಊರಿಗೆ ಬಾಯಿಪಾಠವಾಗಿತ್ತು. ಅವಳು "ಇದು ಪುಕ್ಕಟೆ" ಎನ್ನುತ್ತಿದ್ದಂತೆಯೇ ಗಿರಾಕಿಗಳು "ಬಂದ ಅಂಗಡಿ ಅಲ್ಲ" ಎಂದು ಮುಗಿಸಿಬಿಡುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ನಗುವಾಗಲೂ ಅವಳ ಕತ್ತು ಮಾತ್ರ ನೆಟ್ಟಗೇ ಇರುತ್ತಿತ್ತು. ಗಂಡ ಇಲ್ಲದ ಹೆಂಗಸು ಬಸ್ ನಿಲ್ದಾಣದ ಎದುರು ಅಂಗಡಿ ನಡೆಸಬೇಕೆಂದರೆ ನೆಟ್ಟಗೆ ಹಿಡಿದುಕೊಳ್ಳಲು ಏನಾದರೊಂದು ಬೇಕಾಗುತ್ತದೆ. ಮೈಲಮ್ಮನಿಗೆ ಆ ಮೂವತ್ತು ಕುರಿ ಇದ್ದವು.

ಅವು ಅವಳ ಅಪ್ಪ ಕೊಟ್ಟವು. ಗುಡೇಕೋಟೆಯ ಮೈಲಾರಲಿಂಗಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು, ಅರವತ್ತು ಕುರಿ. ಸಾಯುವ ಹಿಂದಿನ ವರ್ಷ ಹಟ್ಟಿಯಲ್ಲಿ ಕುಳಿತು, ಒಂದೊಂದೇ ಕುರಿಯನ್ನು ಮಂಡಿ ಸಂದಿಯಲ್ಲಿ ಹಿಡಿದು, ಮೂವತ್ತಕ್ಕೆ ಎಡಗಿವಿಯ ತುದಿ ಕತ್ತರಿಸಿದ, ಮೂವತ್ತಕ್ಕೆ ಬಲಗಿವಿ. ಎಡಗಿವಿಯವು ಹಿರಿಯಳು ಮೈಲಮ್ಮನಿಗೆ, ಬಲಗಿವಿಯವು ಕಿರಿಯಳು ಪಕ್ಕೀರಮ್ಮನಿಗೆ. ಹೊಲಕ್ಕೆ ಪಹಣಿ ಇದ್ದಂತೆ ಕುರಿಗೆ ಕಿವಿ. ನಾಳೆ ತಾನಿಲ್ಲದಾಗ ಅಕ್ಕತಂಗಿಯರು ಜಗಳವಾಡಬಾರದು ಎಂದು ಮುದುಕ ಹಾಗೆ ಮಾಡಿದ. ಮೈಲಮ್ಮ ಆಗಲೇ ಮದುವೆಯಾಗಿ ಬೊಮ್ಮನಹಳ್ಳಿ ಸೇರಿದ್ದಳು. ಅಪ್ಪ ತೀರಿಕೊಂಡ ಮೇಲೆ ಅರವತ್ತನ್ನೂ ಕಾಯುತ್ತಿದ್ದವಳು ಪಕ್ಕೀರಮ್ಮ ಒಬ್ಬಳೇ.

ಮೈಲಮ್ಮನ ಗಂಡ ಲಾರಿಯಲ್ಲಿ ಕ್ಲೀನರ್ ಆಗಿದ್ದ. ತೊಂಬತ್ತೊಂಬತ್ತರಲ್ಲಿ ಕೂಡ್ಲಿಗಿಯ ಹತ್ತಿರ ಲಾರಿ ಮಗುಚಿ ಅವನು ಹೋದಾಗ ಅವಳಿಗೆ ಏಳು ತಿಂಗಳು. ಬಸ್ ನಿಲ್ದಾಣದ ಎದುರು ಗುರುಸಂಗಪ್ಪನವರ ಹೋಟೆಲಿನಲ್ಲಿ ತಟ್ಟೆ ತೊಳೆಯಲು ನಿಂತಳು. ಗುರುಸಂಗಪ್ಪನವರು ಹಿರೇಹಡಗಲಿಯವರು. ಅಣ್ಣ ತೀರಿಕೊಂಡು ಹೊಲ ನೋಡಿಕೊಳ್ಳುವವರಿಲ್ಲದೆ ಊರಿಗೆ ಹಿಂತಿರುಗುವ ತಯಾರಿಯಲ್ಲಿದ್ದರು. ಕಟ್ಟಡ ಅನ್ನದಾನಮ್ಮನವರದು. ಆಕೆ ಒಪ್ಪಿದರೆ ಬಾಡಿಗೆಯ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡಬಹುದು. ಅಂಥ ಜಾಗಕ್ಕೆ ಕೇಳುವವರೇನು ಕಡಿಮೆ ಇರಲಿಲ್ಲ. ಗುರುಸಂಗಪ್ಪನವರು ಯಾರಿಗೂ ಕೊಡದೆ, ಹೊಟ್ಟೆ ಹೊತ್ತು ತಟ್ಟೆ ತೊಳೆಯುತ್ತಿದ್ದವಳನ್ನು ಕರೆದರು.

"ನಿನ್ನತ್ರ ದುಡ್ಡಿಲ್ಲ ಅಂತ ಗೊತ್ತೈತಿ. ಕುರಿ ಅದಾವಲ್ಲ? ಮೂವತ್ತು ಕುರಿ ನಂಗ ಕೊಡು, ಅಂಗಡಿ ನೀನು ನಡಸು. ನನ್ನ ಹೊಲಕ್ಕ ಗೊಬ್ಬರಾನೂ ಆಗ್ತತಿ."

ಅನ್ನದಾನಮ್ಮನವರು ಛಾಪಾಕಾಗದದ ಮೇಲೆ ಮೈಲಮ್ಮನ ಹೆಸರಿಗೆ ಬಾಡಿಗೆ ಕರಾರು ಬರೆಸಿಕೊಟ್ಟರು. ಅದರಲ್ಲಿ ಬಾಡಿಗೆ ಇತ್ತು, ತಾರೀಖು ಇತ್ತು. ಕುರಿಯ ಸುದ್ದಿ ಇರಲಿಲ್ಲ. ಅದಕ್ಕೆ ಬೇರೆ ಏರ್ಪಾಡಾಗಿತ್ತು. ಹೊಸ್ತಿಲ ಮೇಲೆ ಮೈಲಾರಲಿಂಗನ ಭಂಡಾರ ಇಟ್ಟು, ಆ ಅರಿಶಿನದ ಪುಡಿಯನ್ನು ಮೂವರೂ ಮುಟ್ಟಿದರು. "ಎಡಗಿವಿ ಕತ್ತರಿಸಿದ ನನ್ನ ಮೂವತ್ತು ಕುರಿ" ಎಂದು ಮೈಲಮ್ಮ ಹೇಳಿದಳು. "ಒಪ್ಪಿದೆ" ಎಂದರು ಗುರುಸಂಗಪ್ಪನವರು. ಭಂಡಾರ ಮುಟ್ಟಿದ ಮೇಲೆ ರಸೀದಿ ಕೇಳುವುದೆಂದರೆ ದೇವರ ಮೇಲೇ ಅನುಮಾನ ಪಟ್ಟಂತೆ. ನಮ್ಮ ಕಡೆ ಅಂಥ ಕೆಲಸ ಯಾರೂ ಮಾಡುವುದಿಲ್ಲ. ಮುಂದೊಂದು ದಿನ ಸರ್ಕಾರವೇ ಬಂದು ಕೇಳುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಕುರಿ ಒಪ್ಪಿಸುವ ಹೊತ್ತಿಗೆ ಮೈಲಮ್ಮ ಹಸಿ ಬಾಣಂತಿ. ಹೆಣ್ಣು ಕೂಸು, ಕೀರ್ತನಾ. ಪಕ್ಕೀರಮ್ಮನೇ ಗುಡೇಕೋಟೆಯಿಂದ ಮಂದೆ ಹೊಡೆದುಕೊಂಡು ಹಿರೇಹಡಗಲಿಗೆ ಹೊರಟಳು. ದಾರಿಯಲ್ಲಿ ಬೊಮ್ಮನಹಳ್ಳಿಗೆ ಬಂದು ಕೂಸಿನ ಕೈಗೆ ಹತ್ತು ರೂಪಾಯಿ ಇಟ್ಟಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಕಣ್ಣು ಒಳಗೆ ಹೋಗಿದ್ದವು.

"ಕುರಿ ಎಲ್ಲಿ ಬಿಟ್ಟಿ? ಒಮ್ಮಿ ನೋಡ್ತೀನಿ ನಡಿ" ಎಂದಳು ಮೈಲಮ್ಮ.

"ಊರ ಹೊರಗ ಬಿಟ್ಟೀನಿ, ಅಕ್ಕಾ. ನೀ ಹೊರಗ ಬರಬ್ಯಾಡ, ಗಾಳಿ ಐತಿ. ಹಸಿ ಬಾಣಂತಿ."

"ಚೆಂದ ಅದಾವೇನು?"

"ಚೆಂದ ಅದಾವ." ಪಕ್ಕೀರಮ್ಮ ಕೂಸಿನ ಮುಷ್ಟಿ ಮುಚ್ಚುತ್ತ ಹೇಳಿದಳು, "ರೋಗ ಬಂತಕ್ಕಾ. ಬಾಯಿ ನೀಲಿ ಆಗಿ ಬಿದ್ದವು. ನನ್ನವು ಎಲ್ಲಾ ಹೋದವು. ನಿನ್ನವು ಉಳದಾವ."

ಮೈಲಮ್ಮ ಕೂಸನ್ನು ಎದೆಗೆ ಒತ್ತಿಕೊಂಡು, "ಸದ್ಯ, ನನ್ನ ಪುಣ್ಯ" ಎಂದಳು. ಹಾಗೇ ಬಾಯಿಬಿಟ್ಟು ಹೇಳಿದಳು. ಪಕ್ಕೀರಮ್ಮ "ಹೂನಕ್ಕಾ" ಎಂದು ಎದ್ದು ಹೋದಳು.

ಅಂಗಡಿ ಕೈ ಹಿಡಿಯಿತು. ಮೈಲಮ್ಮ ದುಡಿದಳು ಎಂದರೆ ದುಡಿದಳು, ಅದರಲ್ಲಿ ಎರಡು ಮಾತಿಲ್ಲ. ಕೂಸನ್ನು ಮಂಡಕ್ಕಿ ಚೀಲದ ಪಕ್ಕದಲ್ಲಿ ಮಲಗಿಸಿ ಮಿರ್ಚಿ ಕರಿದಳು. ಎಣ್ಣೆ ಸಿಡಿದು ಎರಡೂ ಮುಂಗೈ ಮೇಲೆ ಚುಕ್ಕೆ ಚುಕ್ಕೆ ಕಲೆ. ಕೀರ್ತನಾ ಓದಿ, ನರ್ಸಿಂಗ್ ಮುಗಿಸಿ, ಹರಪನಹಳ್ಳಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಮದುವೆಯಾದಳು. ಎಲ್ಲವೂ ಆ ಒಂದು ಬಾಣಲೆಯಿಂದ.

ಪಕ್ಕೀರಮ್ಮನದು ಏನೂ ಆಗಲಿಲ್ಲ. ಅವಳಿಗೆ ಕೂಡ್ಲಿಗಿ ಕಡೆಯ ಒಂದು ಗಂಡು ಗೊತ್ತಾಗಿತ್ತು. ಅವರು ಹುಡುಗಿಯ ಜೊತೆಗೆ ಮೂವತ್ತು ಕುರಿ ಬರುತ್ತವೆಂದು ಒಪ್ಪಿದ್ದವರು. ಕುರಿ ಸತ್ತ ಸುದ್ದಿ ತಲುಪಿದ ವಾರದಲ್ಲೇ ಅವರ ಸುದ್ದಿ ನಿಂತಿತು. ಆಮೇಲೆ ಯಾರೂ ಬರಲಿಲ್ಲ, ಇವಳೂ ಹುಡುಕಲಿಲ್ಲ. ಗುಡೇಕೋಟೆಯಲ್ಲೇ ಮಂದಿಯ ಕುರಿಗಳನ್ನು ಕೂಲಿಗೆ ಕಾಯುತ್ತ ಗುಡ್ಡ ತಿರುಗಿದಳು. ಅಕ್ಕ ಅಂಗಡಿಗೆ ಬಂದಿರು ಎಂದು ಎರಡು ಸಲ ಕರೆದಳು, ನಿಜ. ಪಕ್ಕೀರಮ್ಮ "ನಂಗ ಒಲಿ ಮುಂದ ಕುಂದ್ರಾಕ ಆಗಂಗಿಲ್ಲ" ಎಂದಳು. ಅಷ್ಟಕ್ಕೇ ಮೈಲಮ್ಮನಿಗೆ ಸಿಟ್ಟು ಬಂತು. ಹಸಿಗೂಸು ಕಟ್ಟಿಕೊಂಡು ತಾನೊಬ್ಬಳೇ ಒದ್ದಾಡುವಾಗ ತಂಗಿ ಬೆನ್ನು ತಿರುಗಿಸಿದಳು ಎಂಬುದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಸಿಟ್ಟೇನು ದೊಡ್ಡದಲ್ಲ. ಆದರೆ ಸಣ್ಣ ಸಿಟ್ಟು ಬಹಳ ವರ್ಷ ಬಾಳುತ್ತದೆ.

ವರ್ಷಕ್ಕೊಂದೆರಡು ಸಲ ಪಕ್ಕೀರಮ್ಮ ಬಸ್ಸು ಬದಲಿಸಲು ಬಂದಾಗ ಅಂಗಡಿಗೆ ಬರುತ್ತಿದ್ದಳು. ಕೊನೆಯ ಬೆಂಚಿನಲ್ಲಿ ಕುಳಿತು ಒಂದು ಪ್ಲೇಟ್ ಒಗ್ಗರಣೆ ತಿನ್ನುತ್ತಿದ್ದಳು. ಮೈಲಮ್ಮ ಬಾಣಲೆಯ ಹಿಂದಿನಿಂದಲೇ ಗಿರಾಕಿಗಳಿಗೆ ಪರಿಚಯ ಮಾಡಿಸುತ್ತಿದ್ದಳು: "ನನ್ನ ತಂಗಿ ನೋಡ್ರಿ. ನಮ್ಮಪ್ಪ ಇಬ್ಬರಿಗೂ ಸಮ ಕೊಟ್ಟಿದ್ದ. ನನ್ನವು ಅಂಗಡಿ ಆದವು, ಈಕಿಯವು ಹದ್ದಿನ ಪಾಲಾದವು. ಕಾಯಾಕ ಬರಬೇಕಲ್ಲ!" ಎಲ್ಲರೂ ನಗುತ್ತಿದ್ದರು. ಪಕ್ಕೀರಮ್ಮನೂ ನಗುತ್ತಿದ್ದಳು. ತಿಂದಾದ ಮೇಲೆ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಡುತ್ತಿದ್ದಳು. ಮೊದಲನೆಯ ಸಲ ಮೈಲಮ್ಮ ಬೇಡ ಎಂದಿದ್ದಳು. ಆಮೇಲಾಮೇಲೆ ಇಸಿದುಕೊಂಡು ಗಲ್ಲಾಕ್ಕೆ ಹಾಕುತ್ತಿದ್ದಳು.

ಹೋದ ವರ್ಷದ ಹಿಂದಿನ ಕಾರ್ತಿಕದಲ್ಲಿ ಪಕ್ಕೀರಮ್ಮ ಗುಡ್ಡದಲ್ಲೇ ಕುಸಿದು ತೀರಿಕೊಂಡಳು. ಮೈಲಮ್ಮ ಹೋಗಿ ಮಣ್ಣು ಹಾಕಿ, ಅದೇ ದಿನದ ಬಸ್ಸಿಗೆ ಹಿಂತಿರುಗಿದಳು. ಮರುದಿನ ಒಂದು ಮದುವೆಗೆ ಸಾವಿರ ಮಿರ್ಚಿಯ ಆರ್ಡರ್ ಇತ್ತು.

ಅಂಗಡಿ ಹೋದದ್ದು ಅದಾಗಿ ವರ್ಷದ ಮೇಲೆ. ಅನ್ನದಾನಮ್ಮನವರೂ ಇರಲಿಲ್ಲ. ಮಗ ಗುರುಬಸವರಾಜ ಹಳೆಯ ಕಟ್ಟಡ ಕೆಡವಿ ಕಾಂಪ್ಲೆಕ್ಸ್ ಕಟ್ಟಬೇಕೆಂದಿದ್ದ. ಮೈಲಮ್ಮನ ಕರಾರು ಇನ್ನೂ ಆರು ವರ್ಷ ಇತ್ತು. ಅವನೇನು ಗೂಂಡಾಗಿರಿ ಮಾಡುವವನಲ್ಲ. ಮನೆಗೇ ಬಂದು ನೆಲದ ಮೇಲೆ ಕುಳಿತು, "ಒಂಬತ್ತು ಲಕ್ಷ ಕೊಡ್ತೀನಿ, ಬಿಟ್ಟುಕೊಡ್ರಿ" ಎಂದ. ಅವಳಿಗೆ ಮಂಡಿ ನೋವು ಜೋರಾಗಿತ್ತು. ಕೀರ್ತನಾ "ಸಾಕು ಬಿಡವ್ವಾ" ಎಂದು ಎಷ್ಟೋ ದಿನದಿಂದ ಹೇಳುತ್ತಿದ್ದಳು. ಮೈಲಮ್ಮ ಸಹಿ ಹಾಕಿದಳು. ಹಣ ಬ್ಯಾಂಕಿಗೆ ಬಂತು. ಬಾಣಲೆ ಮನೆಗೆ ಬಂತು.

ಮಾರ್ಚ್ ಮೊದಲ ವಾರ ಗುರುಬಸವರಾಜನೇ ಫೋನ್ ಮಾಡಿ, ಆ ಹಣಕ್ಕೆ ತೆರಿಗೆ ಬರುತ್ತದೆ, ಯಾರಿಗಾದರೂ ತೋರಿಸಿ ಎಂದ. ತಾಲ್ಲೂಕು ಕಚೇರಿಯ ಹತ್ತಿರ ಕ್ರಾಂತಿ ಎಂಬ ಹುಡುಗಿ ತೆರಿಗೆಯ ಕೆಲಸ ಮಾಡುತ್ತಾಳೆ. ಶಾಲೆಗೆ ಹೋಗುವಾಗ ಮೈಲಮ್ಮನ ಅಂಗಡಿಯ ಮಿರ್ಚಿ ತಿಂದೇ ಬೆಳೆದವಳು. ಮೈಲಮ್ಮ ಕಾಗದಗಳ ಚೀಲ ಹಿಡಿದು ಅಲ್ಲಿಗೆ ಹೋದಳು.

"ಕಟ್ಟಡ ನಂದಲ್ಲ, ಜಾಗ ನಂದಲ್ಲ. ನಂಗ್ಯಾಕ ತೆರಿಗಿ?" ಎಂಬುದು ಅವಳ ಮೊದಲ ಮಾತು.

"ಅಮ್ಮಾ, ಕಟ್ಟಡ ನಿಮ್ಮದಲ್ಲ, ಖರೇ. ಆದ್ರ ಅಲ್ಲಿ ಕುಂತು ವ್ಯಾಪಾರ ಮಾಡೋ ಹಕ್ಕು ನಿಮ್ಮದಿತ್ತಲ್ಲ? ಅದೂ ಒಂದು ಆಸ್ತೀನ. ಅದನ್ನ ಬಿಟ್ಟುಕೊಟ್ಟು ಒಂಬತ್ತು ಲಕ್ಷ ತಗೊಂಡೀರಿ. ಆ ಹಕ್ಕು ನಿಮಗ ಎಷ್ಟಕ್ಕ ಬಂದಿತ್ತೋ ಅಷ್ಟು ಕಳೀಬೇಕು. ಉಳಿದಿದ್ದು ಲಾಭ. ಬಂಡವಾಳದ ಲಾಭ ಅಂತಾರ. ಅದರ ಮ್ಯಾಲೆ ತೆರಿಗಿ." ಕ್ರಾಂತಿ ಕಂಪ್ಯೂಟರಿನ ಕಡೆ ತಿರುಗಿದಳು. "ಎಷ್ಟಕ್ಕ ಬಂದಿತ್ತಮ್ಮಾ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಒಬ್ಬರಾದರೂ ಸರಿಯಾಗಿ ಕೇಳಿದರಲ್ಲ ಎಂದು ಮೈಲಮ್ಮನಿಗೆ ಖುಷಿಯಾಯಿತು. ಕತ್ತು ನೆಟ್ಟಗೆ ಮಾಡಿ ಹೇಳಿದಳು, "ಮೂವತ್ತು ಕುರಿ."

ಕ್ರಾಂತಿಯ ಬೆರಳು ಹಾಗೇ ನಿಂತವು. "ರಸೀದಿ ಐತೇನು?"

"ಭಂಡಾರ ಮುಟ್ಟೀವಿ."

ಕ್ರಾಂತಿ ನಗಲಿಲ್ಲ. ಅವಳ ಮನೆಯ ಜಗಲಿಯ ಮೇಲೂ ಭಂಡಾರದ ಬಟ್ಟಲಿದೆ. ಮೆಲ್ಲಗೆ ಹೇಳಿದಳು, "ಭಂಡಾರ ನಂಗೂ ನಿಮಗೂ ನಡೀತತಿ ಅಮ್ಮಾ. ಇದಕ್ಕ ನಡಿಯಂಗಿಲ್ಲ. ಕೊಟ್ಟಿದ್ದಕ್ಕ ಆಧಾರ ಇಲ್ಲಾಂದ್ರ ‘ಎಷ್ಟಕ್ಕ ಬಂತು’ ಅನ್ನೋ ಈ ಮನಿಯಾಗ ಸೊನ್ನಿ ಬರೀಬೇಕು. ಪೂರಾ ಒಂಬತ್ತು ಲಕ್ಷಾನೂ ಲಾಭ ಅಂತ ಆಗ್ತತಿ. ಹತ್ತಿರ ಹತ್ತಿರ ಒಂದು ಲಕ್ಷ ಕಟ್ಟಬೇಕಾಗ್ತತಿ."

ಒಂದು ಲಕ್ಷ ಮೈಲಮ್ಮನ ಕಿವಿಗೆ ಬೀಳಲೇ ಇಲ್ಲ. "ಸೊನ್ನಿ ಅಂದ್ರ?" ಎಂದಳು. "ಸೊನ್ನಿ ಅಂದ್ರ ಪುಕ್ಕಟೆ ಬಂತು ಅಂತ ಬರೀತೀಯೇನು? ಯಾರ ಮುಂದ ಮಾತಾಡಾಕತ್ತಿ? ನಮ್ಮಪ್ಪ ಸಾಯುವಾಗ ಕೊಟ್ಟ ಕುರಿ ಅವು!"

"ಯಾರಿಗೆ ಕೊಟ್ಟಿದ್ರಿ, ಅವರು ಅದಾರೇನು?"

"ಹಿರೇಹಡಗಲಿಯಾಗ ಅದಾರ. ಎದ್ದು ಓಡಾಡ್ತಾರಂತ ಕೇಳೀನಿ."

ಹಾಗಾದರೆ ಅವರಿಂದ ಪ್ರಮಾಣಪತ್ರ ಬರೆಸಿಕೊಂಡು ಬರಬಹುದು ಎಂದಳು ಕ್ರಾಂತಿ. ಎಷ್ಟು ಕುರಿ, ಯಾರ ಕುರಿ, ಗುರುತೇನು, ಆಗಿನ ಬೆಲೆಯೆಷ್ಟು, ಎಲ್ಲ ಅದರಲ್ಲಿರಬೇಕು. ಅಧಿಕಾರಿ ಒಪ್ಪಬಹುದು, ಒಪ್ಪದೆಯೂ ಇರಬಹುದು. ಆಮೇಲೆ ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಹೇಳಿದಳು: "ಆವಾಗಿನ ರೇಟಿನಾಗ ಮೂವತ್ತು ಕುರಿ ಅಂದ್ರ ನಲವತ್ತೈದು ಸಾವಿರ ಆದೀತು. ತೆರಿಗಿ ಕಡಿಮಿ ಆಗೋದು ಐದಾರು ಸಾವಿರ ಅಷ್ಟ. ಅದಕ್ಕ ಇಷ್ಟು ತಿರುಗಾಟ ಯಾಕಮ್ಮಾ?"

"ಐದು ಪೈಸೆ ಉಳೀಲಿ. ಸೊನ್ನಿ ಬರೀಬ್ಯಾಡ" ಎಂದು ಮೈಲಮ್ಮ ಖಾಲಿ ನಮೂನೆಯನ್ನು ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡಳು.

ಮರುದಿನವೇ ಹಡಗಲಿ ಬಸ್ಸು ಹತ್ತಿದಳು. ಅಲ್ಲಿಂದ ಇನ್ನೊಂದು ಬಸ್ಸು. ಹಿರೇಹಡಗಲಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಗುರುಸಂಗಪ್ಪನವರು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. ಎಂಬತ್ತರ ಹತ್ತಿರ, ಹಣೆಯ ತುಂಬ ವಿಭೂತಿ, ಕಣ್ಣು ಮಂಜು. ಆದರೆ ದನಿ ಕೇಳಿಯೇ ಗುರುತು ಹಿಡಿದರು. "ಮೈಲಮ್ಮ ಅಲ್ಲೇನು? ಬಾರವಾ. ಸುಮಲತಾ, ಮಜ್ಜಿಗಿ ತಾ" ಎಂದು ಸೊಸೆಯನ್ನು ಕೂಗಿದರು.

ಬಂದ ವಿಷಯ ಕೇಳಿ ಮುದುಕರು ಗಲ್ಲ ಅಲ್ಲಾಡಿಸಿ ನಕ್ಕರು. "ಕುರಿಗೆ ತೆರಿಗಿ ಲೆಕ್ಕ! ಬರ್ಯವಾ ಸುಮಲತಾ, ನಾ ಹೇಳ್ತೀನಿ, ನೀ ಬರಿ. ಸಹಿ ನಾ ಮಾಡ್ತೀನಿ. ಕೊಟ್ಟಿದ್ದನ್ನ ಇಲ್ಲ ಅನ್ನಾಕ ಆಗ್ತತೇನು?"

ಸುಮಲತಾ ನಮೂನೆಯನ್ನು ಮಣೆಯ ಮೇಲಿಟ್ಟು ಬರೆಯತೊಡಗಿದಳು. ಅವಳ ಅಕ್ಷರ ದುಂಡಗಿದ್ದವು. ಹೆಸರು, ಊರು, ವರ್ಷ, ಅಂಗಡಿ ಎಲ್ಲಿತ್ತು ಎಂಬುದು. "ಕುರಿಗಳ ಸಂಖ್ಯೆ" ಎಂದು ಓದಿದಳು.

"ಮೂವತ್ತು."

"ಗುರುತು?"

"ಬಲಗಿವಿ ತುದಿ ಕತ್ತರಿಸಿದ್ದು" ಎಂದರು ಗುರುಸಂಗಪ್ಪನವರು.

ಮೈಲಮ್ಮ ಮಜ್ಜಿಗೆ ಲೋಟ ಕೆಳಗಿಟ್ಟು ನಕ್ಕಳು. "ಯಜಮಾನ್ರಾ, ವಯಸ್ಸಾತು ನಿಮಗ. ಎಡಗಿವಿ ಅನ್ರಿ. ನನ್ನವು ಎಡಗಿವಿಯವು. ಬಲಗಿವಿಯವು ನಮ್ಮ ಪಕ್ಕೀರಿಯವು."

ಬಾಯಿ ತಪ್ಪಿ ಅಂದುಬಿಟ್ಟೆನೆಂದು ಮುದುಕರು ತುಟಿ ಕಚ್ಚಿಕೊಂಡರು. ಸುಮಲತಾ ಪೆನ್ನು ಎತ್ತಿ ಹಿಡಿದು ಒಮ್ಮೆ ಮಾವನ ಮುಖ, ಒಮ್ಮೆ ಮೈಲಮ್ಮನ ಮುಖ ನೋಡಿದಳು. ಗುರುಸಂಗಪ್ಪನವರು ಕೇಳಿದರು, "ನಿನ್ನ ತಂಗಿ ಹೆಂಗದಾಳವಾ?"

"ಆಕಿ ಎಲ್ಲದಾಳ? ಹೋದ್ಲು. ವರ್ಷದ ಮ್ಯಾಲಾತು."

"ನಂಗ್ಯಾರೂ ಹೇಳಲಿಲ್ಲ." ಅವರು ಕಣ್ಣು ಮುಚ್ಚಿಕೊಂಡರು. ಬಾಯಲ್ಲೇ ಶಿವನ ಹೆಸರು ಹೇಳಿಕೊಂಡರು. "ಹಂಗಾರ ಇನ್ನ ಹೇಳಬಹುದು. ಆಕಿ ಇರೂತನಕ ಹೇಳಬ್ಯಾಡ್ರಿ ಅಂತ ಭಂಡಾರ ಮುಟ್ಟಿಸಿದ್ಲು."

ಆಮೇಲೆ ಅವರು ಹೇಳಿದ್ದು ಹೆಚ್ಚೇನಿಲ್ಲ. ಪಕ್ಕೀರಮ್ಮ ಮಂದೆ ತಂದು ನಿಲ್ಲಿಸಿದಾಗ ಅವರು ಕಿವಿ ನೋಡಿದರು. ಮೂವತ್ತಕ್ಕೂ ಬಲಗಿವಿ. ಮಾತಾಗಿದ್ದು ಎಡಗಿವಿಯವು, ಇವು ನಿಮ್ಮಕ್ಕನವಲ್ಲ ಎಂದರು. ಆಗ ಅವಳು ಅಲ್ಲೇ, ಈ ಕಟ್ಟೆಯ ಕೆಳಗೆ, ಮಣ್ಣಲ್ಲಿ ಕುಳಿತು ಅತ್ತಳು. ಕೊಡುವ ಕುರಿ ಚೆನ್ನಾಗಿ ಮೈ ತುಂಬಿಕೊಂಡಿರಲಿ ಎಂದು ಅಕ್ಕ ಹೇಳಿ ಕಳಿಸಿದ್ದಳು. ಅದಕ್ಕೇ ಎಡಗಿವಿಯವನ್ನು ಬೇರೆ ಮಾಡಿ ಕೆರೆ ಅಂಗಳದ ಹಸಿರಿಗೆ ಬಿಟ್ಟಿದ್ದಳು. ರೋಗ ಬಂದದ್ದು ಕೆರೆಯ ಕಡೆಯ ಮಂದೆಗೇ. ಹನ್ನೆರಡು ದಿನದಲ್ಲಿ ಒಂದೂ ಉಳಿಯಲಿಲ್ಲ. ಗುಡ್ಡದ ಮೇಲಿದ್ದ ಬಲಗಿವಿಯವಕ್ಕೆ ಏನೂ ಆಗಲಿಲ್ಲ.

"‘ಅಕ್ಕಗ ಗಂಡ ಇಲ್ರಿ, ಎದಿ ಮ್ಯಾಲೆ ಕೂಸು. ಕುರಿ ಸತ್ತಾವ ಅಂತ ಗೊತ್ತಾದ್ರ ಎದಿ ಒಡಕೊಂತಾಳ. ನನ್ನ ಕುರಿ ಅಂತ ಗೊತ್ತಾದ್ರ ಅಂಗಡೀನ ಬ್ಯಾಡ ಅಂತಾಳ. ಇವನ್ನ ತಗೊಂಡು ಬಿಡ್ರಿ’ ಅಂದ್ಲು. ನಾನು ಅಂದೆ, ನಿಂದೂ ಮದುವಿ ಐತಲ್ಲವಾ ಅಂತ. ‘ನಂದು ಹೆಂಗರ ಆಗ್ತತಿ’ ಅಂದ್ಲು." ಗುರುಸಂಗಪ್ಪನವರು ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡರು. "ತಗೋಬಾರದಿತ್ತು ನಾನು. ತಗೊಂಡೆ."

ಕಟ್ಟೆಯ ಮುಂದೆ ಒಂದು ಟ್ರ್ಯಾಕ್ಟರ್ ಹೋಯಿತು. ಅದರ ಧೂಳು ಮಜ್ಜಿಗೆ ಲೋಟದ ಮೇಲೆ ಇಳಿಯಿತು.

ಬೇರೆ ಮಾಡಿ ಕೆರೆ ಕಡೆ ಮೇಯಿಸು ಎಂದು ಹೇಳಿ ಕಳಿಸಿದ್ದು ಮೈಲಮ್ಮನಿಗೆ ನೆನಪಿತ್ತು. ಆ ಮಾತು ನೆನಪಿತ್ತು, ಹೇಳಿ ಕಳಿಸಿದ ಬಸ್ ಕಂಡಕ್ಟರನ ಮುಖವೂ ನೆನಪಿತ್ತು. ಕೂಸಿನ ಕೈಗೆ ಹತ್ತು ರೂಪಾಯಿ ಇಟ್ಟ ಕಪ್ಪಿಟ್ಟ ಕೈ ನೆನಪಾಯಿತು. ಗಾಳಿ ಐತಿ, ಹೊರಗ ಬರಬ್ಯಾಡ ಅಂದದ್ದು. ಸದ್ಯ ನನ್ನ ಪುಣ್ಯ ಎಂದು ತಾನು ಅಂದದ್ದು.

ಸುಮಲತಾ ಬಹಳ ಮೆಲ್ಲಗೆ ಕೇಳಿದಳು, "ಅಮ್ಮಾ, ಯಾವುದು ಬರೀಲ್ರಿ? ಎಡಗಿವಿ ಅಂತ ಬೇಕಂದ್ರ..."

"ಬ್ಯಾಡವಾ" ಎಂದು ಮೈಲಮ್ಮ ಅರ್ಧ ತುಂಬಿದ ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡಳು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಹಡಗಲಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದ ಮೇಲೂ ಅಳು ನಿಲ್ಲಲಿಲ್ಲ. ಪಕ್ಕದಲ್ಲಿ ಕುಳಿತ ಹೆಂಗಸು ಯಾರು ಹೋದರು ಎಂದು ಕೇಳಿದಳು. ತಂಗಿ ಎಂದಳು. ಯಾವಾಗ ಎಂದರೆ ಏನು ಹೇಳಬೇಕೋ ತಿಳಿಯದೆ, ಇವತ್ತು ಎಂದುಬಿಟ್ಟಳು. ಆ ಹೆಂಗಸು ತನ್ನ ನೀರಿನ ಬಾಟಲಿ ಕೊಟ್ಟಳು.

ಎಲ್ಲಕ್ಕಿಂತ ಅವಳನ್ನು ಕೊರೆದದ್ದು ಆ ಒಗ್ಗರಣೆಯ ದುಡ್ಡು. ಕುರಿ ಹೋದವು, ಮದುವೆ ಮುರಿಯಿತು, ಅದೆಲ್ಲ ತನಗೆ ಗೊತ್ತಿಲ್ಲದೆ ಆದದ್ದು. ಆದರೆ ಆ ದುಡ್ಡನ್ನು ತಾನು ಕಣ್ಣಾರೆ ನೋಡಿ ಕೈಯಾರೆ ಇಸಿದುಕೊಂಡಿದ್ದಳು. ಸೆರಗಿನ ಗಂಟಿನಲ್ಲಿ ಒದ್ದೆಯಾದ ನೋಟು. ಮಂದಿ ಕುರಿ ಕಾಯ್ದು ತಂದ ನೋಟು. ತನ್ನ ಕುರಿಗಳಿಂದಲೇ ಬಂದ ಅಂಗಡಿಯಲ್ಲಿ ಗಿರಾಕಿಯಾಗಿ ಕೊನೆಯ ಬೆಂಚಿನಲ್ಲಿ ಕುಳಿತು, ತನ್ನನ್ನೇ ಆಡಿಕೊಂಡಾಗ ನಕ್ಕು, ದುಡ್ಡು ಕೊಟ್ಟು ಎದ್ದು ಹೋಗುತ್ತಿದ್ದಳಲ್ಲ ಆ ಹುಡುಗಿ. ಒಂದು ಸಲವಾದರೂ ಬಾಯಿ ತೆರೆಯಬಾರದಿತ್ತೇ? ತೆರೆದಿದ್ದರೆ ತಾನು ನಂಬುತ್ತಿದ್ದೆನೇ?

ಬೊಮ್ಮನಹಳ್ಳಿಯಲ್ಲಿ ಇಳಿದಾಗ ಎದುರಿಗೆ ತಗಡಿನ ಬೇಲಿ. ಅದರ ಸಂದಿಯಿಂದ ನೋಡಿದಳು. ಗೋಡೆಗಳೆಲ್ಲ ಹೋಗಿದ್ದವು. ಭಂಡಾರ ಇಟ್ಟಿದ್ದ ಹೊಸ್ತಿಲ ಕಲ್ಲು ಮಣ್ಣಿನ ಗುಡ್ಡೆಯ ಮೇಲೆ ಮಗುಚಿ ಬಿದ್ದಿತ್ತು. ಅಲ್ಲಿ ನಿಲ್ಲಲಾಗದೆ ಮನೆಗೆ ನಡೆದಳು.

ಎರಡು ದಿನ ಬಿಟ್ಟು, ಸೋಮವಾರ, ಕ್ರಾಂತಿಯ ಕಚೇರಿಗೆ ಹೋದಳು. ಕ್ರಾಂತಿ ಕಾಗದ ಬಿಡಿಸಿ ನೋಡಿದಳು. ಗುರುತು ಎಂಬಲ್ಲಿಗೆ ಬರಹ ನಿಂತಿತ್ತು.

"ಸಹೀನ ಮಾಡಿಲ್ಲಲ್ಲಮ್ಮಾ. ಒಪ್ಪಲಿಲ್ಲೇನು ಅವರು?"

"ಒಪ್ಪಿದ್ರು. ದೊಡ್ಡ ಮನುಷ್ಯ. ಸೊನ್ನಿ ಬರಿಯವಾ."

"ಹೋದ ವಾರ ಅಷ್ಟು ಸಿಟ್ಟು ಮಾಡಿದ್ರಿ?"

"ಹೋದ ವಾರ ನಂಗ ಗೊತ್ತಿರಲಿಲ್ಲ." ಮೈಲಮ್ಮ ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಎಲ್ಲ ಹೇಳಿದಳು. ಯಾವಾಗಲೂ ಏರಿಸಿಯೇ ಮಾತಾಡುವವಳ ದನಿ ಆ ದಿನ ಮೇಜು ದಾಟುತ್ತಿರಲಿಲ್ಲ. ಕ್ರಾಂತಿ ಕೇಳುತ್ತ ಕೇಳುತ್ತ ಕನ್ನಡಕ ತೆಗೆದಿಟ್ಟಳು.

ಆಮೇಲೆ ತನ್ನ ಕೆಲಸ ನೆನಪಾಗಿ, ಇವರಿಗೆ ಏನಾದರೂ ಒಳ್ಳೆಯದು ಮಾಡಬೇಕೆಂದು ಹೇಳಿದಳು, "ಅಮ್ಮಾ, ತಂಗಿ ನಿಮ್ಮ ಸಲುವಾಗಿ ಕೊಟ್ಟಾಳಲ್ಲ? ಹಂಗಂತ ಅವರಿಂದ ಬರಸ್ಕೊಂಡು ಬಂದ್ರ ಹಾಕಿ ನೋಡಬಹುದು. ಅಡ್ಡಿ ಏನಿಲ್ಲ. ನಲವತ್ತೈದು ಸಾವಿರ ಅಂತ ಹಾಕ್ಲೇನು?"

"ಬ್ಯಾಡ."

"ಐದಾರು ಸಾವಿರ ಉಳೀತತಿ."

"ಅದು ಆಕಿ ಕೊಟ್ಟಿದ್ದು. ಇಪ್ಪತ್ತಾರು ವರ್ಷ ನನ್ನ ಹೆಸರು ಹೇಳ್ಕೊಂಡು ಮೆರದೀನಿ. ಇನ್ನ ಸರ್ಕಾರದ ಕಾಗದದಾಗೂ ನನ್ನ ಹೆಸರಿಗೇ ಹಾಕ್ಕೊಳ್ಳೇನು?"

ಕ್ರಾಂತಿ ಕನ್ನಡಕ ಹಾಕಿಕೊಂಡು ಕಂಪ್ಯೂಟರಿನ ಕಡೆ ತಿರುಗಿದಳು. ಪರದೆಯ ಮೇಲಿನ ಆ ಮನೆ ಇನ್ನೂ ಖಾಲಿ ಇತ್ತು. ಕೊನೆಯ ಸಲ ಎಂಬಂತೆ ಮೈಲಮ್ಮನ ಮುಖ ನೋಡಿದಳು.

"ಎಷ್ಟಕ್ಕ ಬಂತು ಅಂತ ಅಲ್ಲೇನು ಅದು ಕೇಳೋದು?" ಎಂದಳು ಮೈಲಮ್ಮ. "ಪುಕ್ಕಟೆ ಬಂತು. ಬರಿ."